ನಿಯತ್ತಿನ ಮೀನುಗಳು

"ಯಾರಮ್ಮಾ ಕಡಲನ್ನ ಕಲಕಿದ್ದು?" ಗಾಜಿನ ತಳದ ದೋಣಿಯೊಳಗೆ ಬಗ್ಗಿ ನೋಡಿದ ರೆಸಾರ್ಟಿನ ಹೊಸ ಮ್ಯಾನೇಜರ್ ಕೂಗಿಕೊಂಡ. ಮೊನ್ನೆ ಮೊನ್ನೆಯವರೆಗೆ ಆ ಗಾಜಿನಡಿ ಹವಳದ ದಿಬ್ಬ ಕೊಂಬೆ ಕೊಂಬೆಯಾಗಿ ಕಾಣುತ್ತಿತ್ತು. ಇಂದು ನೋಡಿದರೆ ಬರೀ ಹಸಿರು ಗಂಜಿ.

"ಗಾಳಿ ತಿರುಗಿದೆ ಸಾರ್," ಎಂದಳು ದೋಣಿಯಕ್ಕ. ಹದಿನೆಂಟು ವರ್ಷದಿಂದ ಆ ದೋಣಿ ನಡೆಸುತ್ತಿದ್ದವಳನ್ನು ಬೇರೆ ಹೆಸರಿನಿಂದ ಯಾರೂ ಕರೆದದ್ದಿಲ್ಲ. "ಮೇಲಿನ ಬೆಚ್ಚಗಿನ ನೀರನ್ನ ಗಾಳಿ ಆಚೆ ತಳ್ಳತ್ತೆ, ತಳದ ತಣ್ಣೀರು ಮೇಲೆ ಬರತ್ತೆ. ಇಲ್ಲಿನ ಮೀನುಗಳ ಊಟ ಎಲ್ಲ ಅದರ ಜೊತೆಗೇ ಬರೋದು. ಇದು ಕಡಲಿನ ಅಡುಗೆಮನೆ ಹೊಗೆ ಅಂತಿದ್ರು ನಮ್ಮತ್ತೆ. ಒಲೆ ಹಚ್ಚಿದ್ಮೇಲೆ ಹೊಗೆ ಬರದೆ ಇರತ್ತಾ?"

"ಈ ಒಲೆ ಆರೋದು ಯಾವಾಗ?"

"ಇನ್ನು ಮೂರು ತಿಂಗಳು."

"ಮೂರು ತಿಂಗಳಾ! ವರ್ಷವಿಡೀ ಸ್ಫಟಿಕದಂಥ ನೀರು ಅಂತ ಬ್ರೋಷರಲ್ಲಿ ಹಾಕ್ಸಿದೀನಲ್ಲಮ್ಮ!"

"ಅದನ್ನ ಒಂದ್ಸಲ ಗಾಳಿಗೂ ಓದಿ ಹೇಳಿ ಸಾರ್."

ಮ್ಯಾನೇಜರ್ ನಗಲಿಲ್ಲ. ಪ್ರವಾಸ ಕಂಪನಿಯಿಂದ ಪರಿಶೀಲನೆಗೆ ಮೇಡಂ ಒಬ್ಬರು ನಾಳೆಯೇ ಬರುವವರಿದ್ದರು. "ಅವರು ಒಪ್ಪಿದ್ರೆ ದೋಣಿ ಓಡತ್ತೆ. ಇಲ್ಲಾಂದ್ರೆ ದೋಣಿ ದಡಕ್ಕೆ, ನೀನು ಬಟ್ಟೆ ಒಗೆಯೋ ಕೋಣೆಗೆ," ಎಂದು ಕಡ್ಡಿ ಮುರಿದಂತೆ ಹೇಳಿ ಹೋದ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಲ್ಲಿ ಸೇರಿದರೆ ಕಡಲಿಗೆ ಬೆನ್ನು ಹಾಕಿ ದಿನವಿಡೀ ಯಾರದೋ ಹೊದಿಕೆ ಮಡಚುವುದೇ ಕೆಲಸ.

ಮರುದಿನ ಬೆಳಿಗ್ಗೆ ಅವನು ಸುರುಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದ. ಬಿಚ್ಚಿದರೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದರ ತುಂಬ ಗುಲಾಬಿ, ನೇರಳೆ, ಕಿತ್ತಳೆ ಹವಳದ ಚಿತ್ರ. ನಡುವೆ ಏಳು ಹಳದಿ ಮೀನು.

"ಗಾಜಿಗೆ ಅಂಟಿಸು."

"ಸಾರ್, ಈ ಜಾತಿ ಮೀನು ನಮ್ಮ ಕಡಲಲ್ಲೇ ಇಲ್ಲ."

"ಇವತ್ತಿಂದ ಇದೆ. ಗಾಳಿ ಬಂದಾಗ ತೂರಿಕೋಬೇಕಮ್ಮ."

ಅವಳು ಅಂಟಿಸಿದಳು. ಅಂಗೈಯಿಂದ ಒತ್ತಿ ಒತ್ತಿ ಒಂದೊಂದೇ ಗುಳ್ಳೆಯನ್ನು ಹೊರಹಾಕಿದಳು. ಸುಳ್ಳಿಗೂ ಇಷ್ಟೊಂದು ನಯ ಬೇಕಾಗುತ್ತದೆಂದು ಅವಳಿಗೆ ಅಂದೇ ತಿಳಿದದ್ದು.

ದೋಣಿ ಹೊರಟಿತು. ತಂಪು ಕನ್ನಡಕದ ಮೇಡಂ ಗಾಜಿನ ಮೇಲೆ ಬಾಗಿ ಕುಳಿತರು. ಅರ್ಧ ಗಂಟೆಯಾದರೂ ತಲೆ ಎತ್ತಲಿಲ್ಲ.

"ಈ ಮೀನುಗಳು ಆಗಿಂದ ನಮ್ಮ ಜೊತೆಗೇ ಬರ್ತಿವೆಯಲ್ಲ?"

"ನಿಯತ್ತಿನ ಮೀನು ಮೇಡಂ," ಎಂದ ಮ್ಯಾನೇಜರ್. "ಅತಿಥಿಗಳನ್ನ ಬಿಟ್ಟು ಹೋಗಲ್ಲ."

"ಬಾಲ ಅಲ್ಲಾಡಿಸ್ತಾನೇ ಇಲ್ಲ."

"ಶಿಸ್ತು ಮೇಡಂ."

ಆಗಲೇ ಎಡಗಡೆಯ ನೀರು ಉಬ್ಬಿತು. ದೋಣಿಯಷ್ಟೇ ಅಗಲದ, ಚಪ್ಪಟೆ ಕಪ್ಪು ಮೈಯ ತೊರಕೆ ಮೀನೊಂದು ಎರಡೂ ರೆಕ್ಕೆ ಬಿಚ್ಚಿ, ಬಾಯನ್ನು ಹೆಬ್ಬಾಗಿಲಿನಂತೆ ತೆರೆದು, ಹಸಿರು ಗಂಜಿಯನ್ನು ಸುರಿದುಕೊಳ್ಳುತ್ತ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ಎರಡು ವರ್ಷದಿಂದ ಇತ್ತ ಸುಳಿಯದಿದ್ದ ಅತಿಥಿಗಳು. ದೋಣಿಯಕ್ಕ ಎಂಜಿನ್ ಆರಿಸಿದಳು.

"ಮೇಡಂ, ಈ ಕಡೆ! ತಲೆ ಎತ್ತಿ ನೋಡಿ!"

ಮೇಡಂ ಎತ್ತಲಿಲ್ಲ. ಮ್ಯಾನೇಜರ್ ಕಣ್ಣಲ್ಲೇ ಗದರಿದ. ಕಿಟಕಿಯಿಲ್ಲದ ಕೋಣೆ ದೋಣಿಯಕ್ಕನ ಕಣ್ಣ ಮುಂದೆ ಬಂದು ನಿಂತಿತು, ಆದರೆ ಬಾಯಿ ಅದಕ್ಕೂ ಮೊದಲೇ ತೆರೆದಿತ್ತು.

"ನೀವು ನೋಡ್ತಿರೋದು ಬರೀ ಚಿತ್ರ ಮೇಡಂ. ನಾನೇ ಅಂಟಿಸಿದ್ದು. ನಿಜವಾದ್ದು ಇಲ್ಲಿದೆ, ಈ ಕಲಕು ನೀರು ಉಣ್ಣೋಕೇ ಬಂದಿದೆ. ಒಂದೇ ಒಂದ್ಸಲ ನೋಡಿ!"

ಮ್ಯಾನೇಜರನ ಮುಖ ಸುಣ್ಣವಾಯಿತು. ತೊರಕೆ ರೆಕ್ಕೆ ಓರೆ ಮಾಡಿ, ಸದ್ದಿಲ್ಲದೆ ದೋಣಿಯ ಅಡಿಗೆ ನುಸುಳಿತು.

ಮೇಡಂ ನಿಧಾನವಾಗಿ ಕನ್ನಡಕ ತೆಗೆದರು. "ಗೊತ್ತಮ್ಮ," ಎಂದರು. "ಈ ವರ್ಷ ಐದು ಕಡಲಲ್ಲಿ ಇದೇ ಏಳು ಮೀನು ನೋಡಿದೀನಿ. ನಮ್ಮ ಜನಕ್ಕೆ ತುಂಬಾ ಇಷ್ಟ." ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು. "ದೋಣಿ ಓಡಲಿ. ಈಕೆನೇ ನಡೆಸಲಿ. ಆದ್ರೆ ನಿಮ್ಮ ಹಾಳೆ ತೀರಾ ತೆಳು. ನೋಡಿ, ಕೆಳಗಿಂದ ಅದೇನೋ ಕಪ್ಪಗೆ ಹಾಯ್ತಿದೆ, ಮೀನೆಲ್ಲ ಮಸುಕಾಗೋಯ್ತು."

"ಎಷ್ಟು ದಪ್ಪದ್ದು ಹಾಕ್ಸಲಿ ಮೇಡಂ?" ಎಂದು ಮ್ಯಾನೇಜರ್ ಪೆನ್ನು ತೆಗೆದ.