ಬೇಡ ಅನ್ನದ ಹೆಂಡತಿ

"ಭಾವ, ಬೆಟ್ಟದ ಮೇಲಿನ ಸರೋವರದ ಹತ್ತಿರವೇ ರಜೆಗೆ ಉಳಿಯೋಕೆ ಮನೆ ಸಿಕ್ಕಿತು. ಮುಂದಿನ ತಿಂಗಳು ಹಿಮದಾಟಕ್ಕೆ ಹೊರಟುಬಿಡೋಣ," ಎಂದು ಭಾವಮೈದ ಫೋನಿನಲ್ಲಿ ಹೇಳಿದಾಗ ಬೀಗ ರಿಪೇರಿಯವನು ಸಿಕ್ಕಿಬಿದ್ದ. ಹಿಮದ ಇಳಿಜಾರಿನಲ್ಲಿ ಸ್ನೋಬೋರ್ಡ್ ಮೇಲೆ ನಿಂತು ಜಾರುವುದು ತನಗೆ ನೀರು ಕುಡಿದಷ್ಟು ಸುಲಭ ಎಂದು ಎಲ್ಲರೆದುರು ಕೊಚ್ಚಿಕೊಂಡವನು ಅವನೇ. ಆ ಹಲಗೆಯನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. ಈಗ ಹಿಂದೆ ಸರಿದರೆ ಮಾನ ಹೋಗುತ್ತದೆ, ಹೋಗಿ ನಿಂತರೆ ಮೂಳೆ ಹೋಗುತ್ತದೆ.

ಉಳಿದದ್ದು ಒಂದೇ ದಾರಿ. ಹೆಂಡತಿ ಬೇಡ ಅನ್ನಬೇಕು. ಅವಳು ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸು. ದಿನಾ ಮುರಿದ ಕೈಕಾಲು ನೋಡುವವಳು. "ನನಗೇನೋ ಆಸೆ, ಇವಳು ಬಿಡಬೇಕಲ್ಲ" ಎಂದುಬಿಟ್ಟರೆ ಹಾವೂ ಸಾಯದು, ಕೋಲೂ ಮುರಿಯದು.

ಅವಳು ಕೆಲಸದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಪಕ್ಕದಲ್ಲಿ ಸುಳಿದಾಡಿದ.

"ಎರಡೂ ಕಾಲನ್ನ ಒಂದೇ ಹಲಗೆಗೆ ಬಿಗೀತಾರಂತೆ ಕಣೇ."

"ಒಳ್ಳೇದೇ ಆಯ್ತು. ಬೇರೆ ಬೇರೆ ಇದ್ದರೆ ನೀವು ಮನೆ ಮೆಟ್ಟಿಲಲ್ಲೇ ಎಡವ್ತೀರಿ."

"ಹೋದ ವರ್ಷ ಅಲ್ಲಿ ಒಬ್ಬನ ಕಾಲು ಮುರೀತಂತೆ."

"ಹೌದಾ? ಯಾವ ಜಾಗದಲ್ಲಿ?"

"ಸರೋವರದ ದಂಡೇಲಿ."

"ಕಾಲಲ್ಲಿ ಯಾವ ಜಾಗ ಅಂತ ಕೇಳಿದೆ."

ಅವನಿಗೆ ರೇಗಿತು. "ನನಗೆ ಏನಾದ್ರೂ ಆದ್ರೆ?"

"ನಮ್ಮ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಕೊಡಿಸ್ತೀನಿ. ಗಾಳಿ ಬೆಳಕು ಚೆನ್ನಾಗಿದೆ."

"ಬೇರೆಯವರ ಹೆಂಡತೀರು ಗಂಡನ್ನ ತಡೀತಾರೆ."

ಅವಳು ಇಸ್ತ್ರಿಪೆಟ್ಟಿಗೆ ಆರಿಸಿದಳು. "ತಡೆದೂ ತಡೆದೂ ಸಾಕಾಗಿದೆ. ನೀವು ಈಜು ಕಲಿಯದೇ ಇದ್ದದ್ದು ನನ್ನಿಂದ, ಮೋಟರ್ ಸೈಕಲ್ ಮಾರಿದ್ದು ನನ್ನಿಂದ ಅಂತೀರಿ. ನಿಮ್ಮ ಪುಕ್ಕಲುತನಕ್ಕೆಲ್ಲ ನನ್ನ ಹೆಸರಿಟ್ಟು, ನನ್ನ ತಮ್ಮನ ಕಣ್ಣಲ್ಲೂ ನನ್ನನ್ನ ಬಜಾರಿ ಮಾಡಿಟ್ಟಿದ್ದೀರಿ. ಈ ಸಲ ನಾನು ಬಾಯಿ ಬಿಡಲ್ಲ. ನೀವೇ ಬಿಡಿ."

ಅವಳು ನಗುತ್ತಿರಲಿಲ್ಲ. ಅವಳು ಮಡಿಸಿಟ್ಟಿದ್ದ ಬಟ್ಟೆಯನ್ನು ಅವನು ಬಿಚ್ಚಿ, ಮತ್ತೆ ಮಡಿಸಿದ. ಇಷ್ಟು ವರ್ಷ ಅವಳ ಹೆಸರು ಹೇಳಿ ಆಡಿದ ಆ ಮಾತುಗಳನ್ನು ತಾನು ತಮಾಷೆಯೆಂದುಕೊಂಡಿದ್ದೆನಲ್ಲ ಎನ್ನಿಸಿತು.

"ನನಗೆ ಭಯ ಕಣೇ," ಎಂದ ಕೊನೆಗೆ. "ಹಲಗೆ ನೋಡಿದ್ರೇ ಭಯ. ನಿನ್ನ ತಮ್ಮನಿಗೆ ನಾನೇ ಹೇಳ್ತೀನಿ."

"ಹೇಳಿ. ಆದರೆ ಬರಲ್ಲ ಅಂತ ಮಾತ್ರ ಹೇಳಬೇಡಿ." ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡಳು. "ಅಲ್ಲಿ ಹೊಸಬರಿಗೆ ಕಲಿಸ್ತಾರೆ. ಫೋನ್ ಮಾಡಿ ನಮ್ಮಿಬ್ಬರ ಹೆಸರೂ ಆಗಲೇ ಬರೆಸಿದ್ದೀನಿ."

"ನೀನೂನಾ?"

"ಬಿದ್ದವರನ್ನ ಎಬ್ಬಿಸಿ ಎಬ್ಬಿಸಿ ಬೇಜಾರಾಗಿದೆ. ಒಂದ್ಸಲ ನಾನೂ ಬಿದ್ದು ನೋಡ್ತೀನಿ."

ಅವನು ಇನ್ನೂ ಅನುಮಾನಿಸುತ್ತ ನಿಂತಿದ್ದ. ಅವಳು ಅವನ ಅಂಗಿಯ ಕಾಲರ್ ಸರಿಮಾಡಿದಳು.

"ಧೈರ್ಯವಾಗಿರಿ. ನಮ್ಮ ಜೊತೆ ಕಲಿಯೋರೆಲ್ಲ ಆರೇಳು ವರ್ಷದ ಮಕ್ಕಳೇ ಅಂತೆ. ಬಿದ್ದು ಅತ್ತರೆ ಅಲ್ಲಿ ಯಾರೂ ನಗಲ್ಲ."