ತುಟಿಯ ನಡುವಿನ ಗುಂಡುಪಿನ್ನು

ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರದ ಮಗಳು ಹೊಲಿಗೆ ಯಂತ್ರದ ಕಾಲು ಬಿಟ್ಟು ನಿಂತು, ತಾಯಿಯತ್ತ ತಿರುಗಿ ನೋಡಿದಳು. ದರ್ಜಿ ತಾಯಿಯ ತುಟಿಗಳ ನಡುವೆ ಆಗ ಐದು ಗುಂಡುಪಿನ್ನುಗಳಿದ್ದವು. ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತಿಲ್ಲ. ಲಂಗದ ಅಂಚಿಗೆ ಪಿನ್ನು ಹಾಕಿಸಿಕೊಳ್ಳುತ್ತಿದ್ದ ಗಿರಾಕಿ ಬೇರೆ ಮುಳ್ಳಿನ ಮೇಲೆ ನಿಂತವಳಂತೆ ಗಡಿಯಾರ ನೋಡುತ್ತಿದ್ದಳು. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ ಅತ್ತೆ, ಮಗುವಿನ ಅಜ್ಜಿ, ದಾರದ ಖಾಲಿ ರೀಲು ಆಡಿಸಿದರು. "ಬಾರೇ ಬಂಗಾರ, ಬಾ!"

ಮೂರು ತಿಂಗಳ ಕೂಸಾಗಿದ್ದಾಗ ಇವಳಿಗೆ ಅಮ್ಮನ ಮುಖವೇ ಜಗತ್ತು. ಹಾಲು ಕುಡಿಯುವುದನ್ನೂ ಬಿಟ್ಟು ದಿಟ್ಟಿಸುತ್ತಿದ್ದಳು. ಈಗ ಹನ್ನೊಂದು ತಿಂಗಳು ತುಂಬಿದೆ. ಗುಂಡಿ, ಚಿಂದಿ, ಟೇಪು ಎಲ್ಲವೂ ಬೇಕು, ಅಮ್ಮನೊಬ್ಬಳನ್ನು ಬಿಟ್ಟು. ಎತ್ತಿಕೊಂಡರೆ ಮೀನಿನಂತೆ ಜಾರುತ್ತಾಳೆ. "ಇವಳಿಗೆ ನಾನು ಬೇಡವಾಗಿಬಿಟ್ಟೆ ಅತ್ತೆ," ಎಂದು ತಾಯಿ ಬೆಳಿಗ್ಗೆಯಷ್ಟೇ ಅಂದಿದ್ದಳು. "ಹುಚ್ಚಿ, ನಿನ್ನ ಮುಖಾನೇ ನೋಡ್ತಾ ಕೂತ್ರೆ ಅವಳು ನಡೆಯೋದು ಯಾವಾಗ?" ಎಂದು ಅತ್ತೆ ನಕ್ಕಿದ್ದರು.

ಈಗ ಆ ಕಣ್ಣುಗಳು ಮತ್ತೆ ಅವಳನ್ನೇ ನೋಡುತ್ತಿದ್ದವು, ಏನೋ ಕೇಳುತ್ತಿದ್ದವು. ಪಿನ್ನು ಕಚ್ಚಿ ಬಿಗಿದ ಮುಖ ಏನೂ ಹೇಳಲಿಲ್ಲ. ಮಗುವಿನ ಕೆಳತುಟಿ ಮುಂದೆ ಬಂತು, ಕೈ ಮತ್ತೆ ಯಂತ್ರದ ಕಾಲಿಗಾಗಿ ತಡಕಾಡಿತು.

ತಾಯಿ ಹಿಡಿದ ಅಂಚನ್ನು ಬಿಟ್ಟು, ಪಿನ್ನುಗಳನ್ನೆಲ್ಲ ಅಂಗೈಗೆ ಉಗುಳಿ, ಬಾಯಿತುಂಬ ನಕ್ಕಳು. "ಅಯ್ಯೋ, ಅಂಚು ಜಾರ್ತಿದೆ ರೀ!" ಗಿರಾಕಿ ಸಿಡುಕಿದಳು. ಮಗಳೂ ನಕ್ಕಳು. ಕಣ್ಣು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಅಜ್ಜಿಯ ಕಡೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು, ಮತ್ತೊಂದು. ತಾಯಿಯ ಮುಖದಲ್ಲಿ ನಗು ಹಾಗೇ ಉಳಿದಿತ್ತು. ಅದನ್ನು ನೋಡಬೇಕಾದವಳು ಆಗಲೇ ಬೆನ್ನು ಮಾಡಿ ಹೊರಟಿದ್ದಳು.