ಎದ್ದು ನಿಂತ ಸೈಕಲ್ಲು

ಲೇತಿನಿಂದ ಹಿತ್ತಾಳೆ ಚೂರು ಸಿಡಿದು ಬಲಗಣ್ಣು ಹೋದಾಗಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಪದ್ಮರಾಜನ ಕೆಲಸಕ್ಕೆ ಹೆಂಡತಿಯದೇ ಕೊನೆಯ ಮಾತು. ಹಳೆಯ ಜೋಡಿಗಣ್ಣಿನ ಲೆನ್ಸುಗಳನ್ನು ಬೇರೆ ಕಂಪನಿಯ ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಕೂರಿಸುವುದು ಅವನ ಕಸುಬು. ಅಂಥ ಲೆನ್ಸು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆಯುತ್ತದೆ. ಎರಡನ್ನೂ ಒಂದೇ ರಟ್ಟಿಗೆ ಅಂಟಿಸಿ ನೋಡುವ ಪೆಟ್ಟಿಗೆಗೆ ಹಾಕಿದರೆ ಮಾತ್ರ ಚಿತ್ರ ಹತ್ತಿರ-ದೂರ ತೋರುತ್ತಾ ಎದ್ದು ನಿಲ್ಲುತ್ತದೆ; ಎರಡೂ ಒಂದೇ ಕಣ್ಣಿನದಾದರೆ ಬರೀ ಚಪ್ಪಟೆ. ಒಂಟಿಗಣ್ಣಿಗೆ ಆ ಭಾಗ್ಯವಿಲ್ಲ.

ಈ ಸಲದ್ದು ಅವನಿಗೆ ಕಸುಬು ಕಲಿಸಿದ ಗುರುಗಳು ಬಿಟ್ಟುಹೋದ ಲೆನ್ಸು. ಕೂರಿಸಬೇಕೆಂದರೆ ಅದರ ಹಿಂಬದಿಯ ಬಳೆಯನ್ನು ಕೊಯ್ಯಲೇಬೇಕು. ಕೊಯ್ದರೆ ಅದು ಮತ್ತೆ ತನ್ನ ಸ್ವಂತ ಕ್ಯಾಮೆರಾ ಸೇರುವಂತಿಲ್ಲ. ಅದಕ್ಕೇ ಮೊದಲು ಲೆನ್ಸನ್ನು ಕ್ಯಾಮೆರಾಕ್ಕೆ ಟೇಪು ಸುತ್ತಿ ನಿಲ್ಲಿಸಿ, ಪರೀಕ್ಷೆಗೆಂದು ಅಂಗಳದ ಸೈಕಲ್ಲಿನ ಚಿತ್ರ ತೆಗೆದ. ಒಂದೊಂದು ಕಣ್ಣಿನದೂ ಎರಡೆರಡು ಪ್ರತಿ ತೊಳೆದು ದಾರಕ್ಕೆ ಹಾಕಿದ. ಒಂದು ಜೋಡಿ ಒಣಗುತ್ತಲೇ ರಟ್ಟಿಗೆ ಅಂಟಿಸಿ ಹೆಂಡತಿಯ ಕೈಗೆ ಪೆಟ್ಟಿಗೆ ಕೊಟ್ಟ.

"ಅಬ್ಬಾ, ಹ್ಯಾಂಡಲ್ಲು ಮೂಗಿಗೇ ತಾಗೋ ಹಂಗಿದೆ ಕಣ್ರೀ!"

"ಸರಿಯಾಗಿ ನೋಡೇ. ಕೊಯ್ದ್ರೆ ಮುಗೀತು."

"ಗೋಡೆ ನೋಡಿ, ಎಷ್ಟು ಹಿಂದಕ್ಕೆ ಹೋಗಿದೆ! ಕೊಯ್ರಿ ಸುಮ್ನೆ."

"ನಿಜವಾಗ್ಲೂ?"

"ಇಷ್ಟು ವರ್ಷದಲ್ಲಿ ಒಂದಿನಾದ್ರೂ ನಿಮಗೆ ಸುಳ್ಳು ಹೇಳಿದೀನಾ?"

ಅವನು ಕೊಯ್ದ. ಹಿತ್ತಾಳೆ ಪುಡಿಯನ್ನು ಊದಿ, ಲೆನ್ಸು ತಿರುಗಿಸಿ ಕೂರಿಸಿ, ಹಗುರಾದ ಮನಸ್ಸಿನಿಂದ ಉಳಿದ ಪ್ರತಿಗಳನ್ನು ತೆಗೆಯಲು ದಾರದ ಹತ್ತಿರ ಹೋದ. ಅಲ್ಲಿ ನೇತಾಡುತ್ತಿದ್ದ ಎರಡೂ ಬಲಗಣ್ಣಿನವು. ರಟ್ಟಿನ ಎಡಕ್ಕೂ ಬಲಕ್ಕೂ ಅವನು ಅಂಟಿಸಿದ್ದು ಎಡಗಣ್ಣಿನ ಚಿತ್ರವನ್ನೇ.